ಸೂರ್ಯಕಾಂತಿಯ ಹೊಲವೂ ಬೆಳವಕ್ಕಿಯೂ



ಹೊಲವನ್ನು ಉತ್ತು, ಹದಮಾಡಿ, ಬೀಜವನ್ನು ಬಿತ್ತಿ, ಮೂರು ತಿಂಗಳು ಕಳೆ ತೆಗೆದು ಕಾಪಾಡಿದವನೊಬ್ಬನು, ಬೆಳೆ ಬಲಿತ ಮೇಲೆ ಅದನ್ನು ಕೊಯ್ದು ಮನೆಗೆ ತರದೆ ಹೊಲದಲ್ಲಿಯೇ ಹಕ್ಕಿಗಳಿಗೆ ಬಿಟ್ಟನೆಂದರೆ ಅವನನ್ನು ಏನೆಂದು ಕರೆಯೋಣ? ಧರ್ಮಾತ್ಮನೆಂದು ಕರೆಯಲು ನಮಗೆ ಮನಸ್ಸಾಗುವುದು ಸಹಜ. ಆದರೆ ಅದೇ ಹೊಲದ ಅಂಚಿನಲ್ಲಿ ಅದೇ ಮನುಷ್ಯನು ಬಂದೂಕನ್ನು ಹಿಡಿದು ಕುಳಿತಿದ್ದರೆ ನಮ್ಮ ಅಭಿಪ್ರಾಯವು ಒಡನೆಯೇ ಬದಲಾಗುವುದು. ಬೀಜ ಒಂದೇ, ಹೊಲ ಒಂದೇ, ಹಕ್ಕಿಯೂ ಒಂದೇ. ಬಿತ್ತಿದವನ ಉದ್ದೇಶವೊಂದು ಮಾತ್ರ ಬೇರೆ. ಬೆಳವಕ್ಕಿಗಳನ್ನು ಬೇಟೆಯಾಡುವುದಕ್ಕಾಗಿ ಸೂರ್ಯಕಾಂತಿಯನ್ನು ಬೆಳೆಯುವ ಪದ್ಧತಿಯೊಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಳಕೆಯಲ್ಲಿದೆ. ಅದು ಹೇಗೆ ನಡೆಯುತ್ತದೆ, ನಮ್ಮ ನೆಲದಲ್ಲಿ ಅದಕ್ಕೆ ಅರ್ಥವೇನು ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ದೂರದ ಸಂಗತಿಯನ್ನು ತಿಳಿಯಲು ಹತ್ತಿರದ ಊರೊಂದನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿ ದೇವಿಕೊಪ್ಪವೆಂಬ ಗ್ರಾಮವಿದೆ. ಅತ್ತ ಪೂರ್ಣವಾಗಿ ಮಲೆನಾಡೂ ಅಲ್ಲದ, ಇತ್ತ ಬಯಲುಸೀಮೆಯೂ ಅಲ್ಲದ ಆ ಭಾಗವನ್ನು ಜನರು ಅರೆಮಲೆನಾಡು ಎನ್ನುತ್ತಾರೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಭತ್ತದ ಗದ್ದೆ, ಗೋವಿನಜೋಳದ ಹೊಲ. ಕಾಡಿನಂಚಿನಲ್ಲಿ ಗೂಡು, ಹೊಲದಲ್ಲಿ ಕಾಳು, ಹಳ್ಳಕೆರೆಗಳಲ್ಲಿ ನೀರು: ಬೆಳವಕ್ಕಿಗೆ ಬೇಕಾದುವೆಲ್ಲವೂ ಇಂತಹ ಸ್ಥಳದಲ್ಲಿ ಒಟ್ಟಿಗೆ ದೊರೆಯುತ್ತವೆ.

ಬೆಳವಕ್ಕಿಯು ಪಾರಿವಾಳದ ಕುಲಕ್ಕೆ ಸೇರಿದುದು. ಕತ್ತಿನ ಹಿಂಬದಿಯಲ್ಲಿ ಚುಕ್ಕೆಗಳುಳ್ಳ ಜಾತಿ, ಕತ್ತಿಗೆ ಕಪ್ಪು ಪಟ್ಟಿಯಿರುವ ಜಾತಿ, ಎದೆಯ ಮೇಲೆ ಸಣ್ಣ ಕಪ್ಪು ಬೊಟ್ಟುಗಳಿರುವ ಕಿರಿಯ ಜಾತಿ, ಇವು ನಮ್ಮ ಕಡೆ ಸಾಮಾನ್ಯವಾಗಿ ಕಾಣಬರುತ್ತವೆ. ಇವುಗಳ ಆಹಾರದಲ್ಲಿ ಹೆಚ್ಚು ಭಾಗ ಕಾಳೇ. ಆದರೆ ಕೋಳಿಯಂತೆ ನೆಲವನ್ನು ಕೆದಕುವ ಶಕ್ತಿ ಇವುಗಳ ಕಾಲಿಗಿಲ್ಲ. ಗಿಳಿಯಂತೆ ಸಿಪ್ಪೆಯನ್ನು ಒಡೆಯುವ ಕೊಕ್ಕೂ ಇಲ್ಲ. ನೆಲದ ಮೇಲೆ ಬಿದ್ದು ಕಣ್ಣಿಗೆ ಕಾಣುವ ಕಾಳನ್ನು ಇಡಿಯಾಗಿ ನುಂಗಿ, ಕತ್ತಿನ ಚೀಲದಲ್ಲಿ ತುಂಬಿಕೊಂಡು, ಮರದ ಮೇಲೆ ಕುಳಿತು ನಿಧಾನವಾಗಿ ಜೀರ್ಣಿಸಿಕೊಳ್ಳುವುದು ಇವುಗಳ ರೀತಿ. ಆದುದರಿಂದ ಹುಲ್ಲು ಕಿಕ್ಕಿರಿದ ಸ್ಥಳವನ್ನು ಇವು ಮೆಚ್ಚುವುದಿಲ್ಲ. ಬರಿಯ ನೆಲ, ಉದುರಿದ ಕಾಳು, ಹತ್ತಿರ ನೀರು, ಕುಳಿತು ನೋಡಲು ಒಣಗಿದ ಕೊಂಬೆ, ಇಷ್ಟಿದ್ದರೆ ಅವು ದಿನವೂ ತಪ್ಪದೆ ಬರುತ್ತವೆ.

ಬೇಟೆಗಾರನು ಲಾಭಮಾಡಿಕೊಳ್ಳುವುದು ಹಕ್ಕಿಯ ಈ ಸ್ವಭಾವದಿಂದಲೇ. ಅಮೆರಿಕದಲ್ಲಿ ಇದಕ್ಕೆ ಗುರಿಯಾಗುವ ಮುಖ್ಯ ಪಕ್ಷಿಯು ಅಳುವ ದನಿಯಂತೆ ಕೂಗುವುದರಿಂದ ಶೋಕದ ಬೆಳವ ಎಂಬ ಹೆಸರನ್ನು ಪಡೆದಿದೆ. ಎಣ್ಣೆಗಾಗಿ ಬೆಳೆಯುವ, ಕಪ್ಪು ತೆಳುಸಿಪ್ಪೆಯ ಸೂರ್ಯಕಾಂತಿಯನ್ನು ಅಲ್ಲಿಯವರು ವಸಂತಕಾಲದಲ್ಲಿ ಸಾಲು ಹಿಡಿದು ಬಿತ್ತುತ್ತಾರೆ. ಸಾಲುಗಳ ನಡುವೆ ಕಳೆ ಬೆಳೆಯದಂತೆ ನೋಡಿಕೊಳ್ಳುತ್ತಾರೆ. ಏಕೆಂದರೆ ಕಾಳೆಷ್ಟಿದ್ದರೂ ನೆಲ ಕಾಣದಿದ್ದರೆ ಹಕ್ಕಿ ಇಳಿಯದು. ಸುಮಾರು ನೂರು ದಿನಗಳಲ್ಲಿ ಹೂವಿನ ತಲೆಗಳು ಬಲಿತು ಕೆಳಕ್ಕೆ ಬಾಗುತ್ತವೆ. ಬೇಟೆಯ ಕಾಲಕ್ಕೆ ಕೆಲವು ವಾರಗಳ ಮೊದಲು ಹೊಲದ ನಡುವೆ ಪಟ್ಟಿ ಪಟ್ಟಿಯಾಗಿ ಗಿಡಗಳನ್ನು ಕತ್ತರಿಸಿ ಕಾಳು ಚೆದರುವಂತೆ ಮಾಡುತ್ತಾರೆ. ಒಂದೆರಡು ಹಕ್ಕಿಗಳು ಬಂದು ಉಂಡುಹೋದರೆ ಕೆಲವು ದಿನಗಳಲ್ಲಿ ಹಿಂಡೇ ಬರುತ್ತದೆ. ಬೇಟೆಯು ಅನೇಕ ಸಂಸ್ಥಾನಗಳಲ್ಲಿ ಸೆಪ್ಟೆಂಬರ್ ೧ರಂದು ಆರಂಭವಾಗುತ್ತದೆ.

ಇದು ಕಾಳು ಚೆಲ್ಲಿ ಹಕ್ಕಿಯನ್ನು ಹಿಡಿಯುವುದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲಿಯ ಶಾಸನವು ಇಲ್ಲಿ ಒಂದು ಸೂಕ್ಷ್ಮವಾದ ಗೆರೆಯನ್ನು ಎಳೆದಿದೆ. ಬೇರೆಡೆಯಿಂದ ಚೀಲದಲ್ಲಿ ತಂದ ಕಾಳನ್ನು ಹೊಲದಲ್ಲಿ ಸುರಿದರೆ ಅದು ಆಮಿಷ; ಅದರ ಮೇಲೆ ಬೇಟೆಯಾಡುವುದು ಅಪರಾಧ. ಸುರಿದ ಕಾಳನ್ನು ಪೂರ್ತಿಯಾಗಿ ತೆಗೆದುಹಾಕಿದ ಮೇಲೂ ಹತ್ತು ದಿನಗಳ ಕಾಲ ಅಲ್ಲಿ ಗುಂಡು ಹಾರಿಸಕೂಡದು. ಆದರೆ ಅದೇ ನೆಲದಲ್ಲಿ ಬೆಳೆದ ಕಾಳು ಅದೇ ನೆಲದಲ್ಲಿ ಉದುರಿದರೆ, ಗಿಡವನ್ನು ಬೇಕೆಂದೇ ಕತ್ತರಿಸಿ ಉದುರಿಸಿದ್ದರೂ, ಬೆಳವಕ್ಕಿಗಳ ಮಟ್ಟಿಗೆ ಅದು ಆಮಿಷವಲ್ಲ. ಬಾತುಗಳ ಬೇಟೆಗೆ ಈ ರಿಯಾಯಿತಿಯಿಲ್ಲ. ಅಂದರೆ, ಕಾಳು ಎಲ್ಲಿ ಹುಟ್ಟಿತೆಂಬುದನ್ನು ಅಲ್ಲಿ ಕೇಳುತ್ತಾರೆ. ಯಾವ ಉದ್ದೇಶದಿಂದ ಹುಟ್ಟಿಸಿದರೆಂಬುದನ್ನು ಕೇಳುವುದಿಲ್ಲ.

ಈ ನಿಯಮಗಳ ಹಿಂದೆ ಒಂದು ದುಃಖದ ಚರಿತ್ರೆಯುಂಟು. ಇದೇ ಕುಲದ ಯಾತ್ರಿಕ ಪಾರಿವಾಳವೆಂಬ ಪಕ್ಷಿಯು ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುವಷ್ಟು ಸಂಖ್ಯೆಯಲ್ಲಿದ್ದಿತು. ಮಿತಿಯಿಲ್ಲದ ಬೇಟೆಯಿಂದಲೂ ಕಾಡಿನ ನಾಶದಿಂದಲೂ ಅದು ಕ್ಷೀಣಿಸುತ್ತ ಬಂದು, ಕಟ್ಟಕಡೆಯ ಒಂದು ಹೆಣ್ಣುಹಕ್ಕಿಯು ಸಿನ್ಸಿನಾಟಿಯ ಮೃಗಾಲಯದಲ್ಲಿ ೧೯೧೪ನೆಯ ಇಸವಿಯ ಸೆಪ್ಟೆಂಬರ್ ೧ರಂದು ಸತ್ತಿತು. ವಲಸೆಯ ಪಕ್ಷಿಗಳನ್ನು ರಕ್ಷಿಸುವ ಶಾಸನವು ೧೯೧೮ರಲ್ಲಿ ಬಂದಿತು. ಇಂದು ಬೆಳವಕ್ಕಿಯ ಬೇಟೆ ತೊಡಗುವ ದಿನವೂ, ಅದರ ಬಂಧುವಿನ ವಂಶ ಮುಗಿದ ದಿನವೂ ಒಂದೇ ಆಗಿರುವುದು ಆಕಸ್ಮಿಕವಾದರೂ ಮರೆಯತಕ್ಕದ್ದಲ್ಲ.

ಈಗ ನಮ್ಮ ನಾಡಿಗೆ ಬರೋಣ. ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅದನ್ನು ಸ್ಪ್ಯಾನಿಷರು ಹದಿನಾರನೆಯ ಶತಮಾನದಲ್ಲಿ ಯೂರೋಪಿಗೆ ಒಯ್ದರು. ಅದು ದೊಡ್ಡ ಎಣ್ಣೆಬೆಳೆಯಾದುದು ಹತ್ತೊಂಬತ್ತನೆಯ ಶತಮಾನದ ರಷ್ಯಾದಲ್ಲಿ. ನಮ್ಮಲ್ಲಿ ಬಹುಕಾಲ ಕೈತೋಟದ ಅಲಂಕಾರವಾಗಿದ್ದ ಈ ಗಿಡವು ಎಣ್ಣೆಬೆಳೆಯಾಗಿ ಭಾರತಕ್ಕೆ ಬಂದುದು ೧೯೬೯ರಲ್ಲಿ, ಸೋವಿಯೆತ್ ಒಕ್ಕೂಟದಿಂದ ತಂದ ತಳಿಗಳ ಮೂಲಕ. ಕರ್ನಾಟಕವು ಬೇಗನೆ ಇದರ ಮುಖ್ಯ ನೆಲೆಯಾಯಿತು. ಧಾರವಾಡ ಜಿಲ್ಲೆಯಲ್ಲಿ ಇದಕ್ಕೆ ಒಗ್ಗುವುದು ಹೆಚ್ಚಾಗಿ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ. ಬಿಳಿಜೋಳ, ಕಡಲೆ, ಕುಸುಬೆಗಳ ಜೊತೆಯ ಬೆಳೆ. ದೇವಿಕೊಪ್ಪದ ಕಡೆಯ ಮಳೆಗೂ ಮಣ್ಣಿಗೂ ಭತ್ತ, ಗೋವಿನಜೋಳಗಳೇ ಹೆಚ್ಚು ಸರಿ.

ನಮ್ಮ ರೈತನು ಸೂರ್ಯಕಾಂತಿಯನ್ನು ಬಿತ್ತುವುದು ಹಕ್ಕಿಯನ್ನು ಕರೆಯುವುದಕ್ಕಲ್ಲ. ಕಾಳು ಹಾಲು ತುಂಬಿದ ದಿನದಿಂದ ಕೊಯ್ಲಿನವರೆಗೆ ಮಂಚಿಕೆಯ ಮೇಲೆ ನಿಂತು, ಕವಣೆ ಬೀಸಿ, ಡಬ್ಬಿ ಬಡಿದು, ಬೆದರುಬೊಂಬೆ ನಿಲ್ಲಿಸಿ, ಬೆಳಗೂ ಸಂಜೆಯೂ ಹಕ್ಕಿ ಕಾಯುವುದೇ ಅವನ ಕೆಲಸ. ಬೆಳೆಗಾಗಿ ಸಾಲಮಾಡಿದವನಿಗೆ ಹಕ್ಕಿಯು ಕಾವ್ಯದ ವಸ್ತುವಲ್ಲ, ನಷ್ಟದ ಲೆಕ್ಕ. ಪಟ್ಟಣದಲ್ಲಿರುವ ನಾವು ಹಕ್ಕಿಯ ಪರವಾಗಿ ಮಾತನಾಡುವಾಗ ಇದನ್ನು ನೆನಪಿನಲ್ಲಿಡಬೇಕು.

ಆದರೆ ಲೆಕ್ಕವನ್ನು ಸರಿಯಾಗಿ ಬರೆಯಬೇಕು. ತಲೆಯ ಮೇಲೆಯೇ ಕುಳಿತು, ಕಾಳನ್ನು ಕಿತ್ತು, ತಿಂದುದಕ್ಕಿಂತ ಹೆಚ್ಚಾಗಿ ಚೆಲ್ಲುವ ಹಕ್ಕಿ ಗಿಳಿ. ಬೆಳವಕ್ಕಿಯು ಬಹುಮಟ್ಟಿಗೆ ಕೆಳಗೆ ಬಿದ್ದುದನ್ನು ಆರಿಸುವ ಜೀವ. ಬಿತ್ತನೆಯ ಕಾಲದಲ್ಲಿ ಮಣ್ಣಿನ ಮೇಲೆ ಉಳಿದ ಬೀಜವನ್ನೂ ಅದು ಆರಿಸುವುದುಂಟು. ಬೀಜವನ್ನು ಚೆನ್ನಾಗಿ ಮಣ್ಣು ಮುಚ್ಚಿದರೆ ಕೆದಕಲಾರದ ಆ ಹಕ್ಕಿಗೆ ಅದು ಸಿಕ್ಕುವುದಿಲ್ಲ. ಗಿಳಿಯ ಹಾವಳಿಗೂ ಉಪಾಯಗಳುಂಟು. ಒಂಟಿ ಹೊಲಕ್ಕೆ ಹಕ್ಕಿಯ ಕಾಟ ಹೆಚ್ಚು. ನೆರೆಹೊರೆಯವರೆಲ್ಲರೂ ಒಂದೇ ಕಾಲಕ್ಕೆ ಬಿತ್ತಿದರೆ ನಷ್ಟವು ಹಂಚಿಹೋಗಿ ಹಗುರವಾಗುತ್ತದೆ. ಮರಗಳ ಸಾಲಿಗೆ ಅಂಟಿದ ಅಂಚಿನ ಗಿಡಗಳಿಗೆ ಮೊದಲ ಪೆಟ್ಟು. ಕಾವಲು ಅಲ್ಲಿ ಬಿಗಿಯಾಗಿರಬೇಕು. ಬಿಸಿಲಿಗೆ ಮಿನುಗುವ ಪಟ್ಟಿಗಳನ್ನು ಕಟ್ಟುವುದೂ, ಬಲಿತ ಬೆಳೆಯನ್ನು ತಡಮಾಡದೆ ಕೊಯ್ಯುವುದೂ ಫಲಕಾರಿ. ಔಷಧ ಲೇಪಿಸಿದ ಬಿತ್ತನೆಯ ಬೀಜವು ಉಳಿದರೆ ಅದನ್ನು ಬದುವಿನ ಮೇಲೆ ಚೆಲ್ಲದೆ ಹೂಳಬೇಕು. ಅದನ್ನು ತಿಂದ ಹಕ್ಕಿ ಬದುಕುವುದು ಕಷ್ಟ.

ಹಾಗಾದರೆ ದೇವಿಕೊಪ್ಪದ ಕಾಡಿನಂಚಿನಲ್ಲಿ ಒಬ್ಬನು ಅಮೆರಿಕದವನಂತೆ ಬೇಟೆಗಾಗಿಯೇ ಸೂರ್ಯಕಾಂತಿಯನ್ನು ಬೆಳೆದರೆ ಏನಾಗುವುದು? ಹಕ್ಕಿಗಳೇನೋ ಖಂಡಿತವಾಗಿ ಬರುವುವು. ಆದರೆ ನಮ್ಮ ಶಾಸನವು ಬೇರೆ ಪ್ರಶ್ನೆಯನ್ನು ಕೇಳುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಮಾತಿಗೆ ಕೊಲ್ಲುವುದೆಂದು ಮಾತ್ರ ಅರ್ಥಮಾಡಿಲ್ಲ. ಹಿಡಿಯುವುದು, ಬಲೆಯೊಡ್ಡುವುದು, ಅಟ್ಟುವುದು, ಆಮಿಷವೊಡ್ಡುವುದು, ಇವುಗಳಿಗಾಗಿ ಮಾಡುವ ಪ್ರಯತ್ನ, ಎಲ್ಲವೂ ಬೇಟೆಯೇ ಎಂದು ವಿಧಿಸಿದೆ. ಮೊದಲು ಲೈಸೆನ್ಸ್ ಪಡೆದು ಕೆಲವು ಪ್ರಾಣಿಪಕ್ಷಿಗಳನ್ನು ಬೇಟೆಯಾಡುವ ಅವಕಾಶವಿದ್ದಿತು. ೧೯೯೧ರ ತಿದ್ದುಪಡಿಯು ಅದನ್ನೂ ತೆಗೆದುಹಾಕಿತು. ನಿಂತ ಬೆಳೆಗೆ ವಿಪರೀತ ಹಾನಿಯಾದರೆ ಅಧಿಕಾರಿಗಳು ಲಿಖಿತ ಅಪ್ಪಣೆ ಕೊಡಬಹುದಾದ ವಿಧಿಯುಂಟು. ಆದರೆ ವಿನೋದಕ್ಕಾಗಿ ಹಕ್ಕಿಯನ್ನು ಕರೆದು ಕೊಲ್ಲುವುದಕ್ಕೆ ಎಡೆಯಿಲ್ಲ. ಆದುದರಿಂದ ಆ ಹೊಲದಲ್ಲಿ ಗುಂಡು ಹಾರುವವರೆಗೆ ಕಾಯಬೇಕಾಗಿಲ್ಲ. ಕೊಲ್ಲುವ ಸಂಕಲ್ಪದಿಂದ ಕಾಳನ್ನು ಒಡ್ಡಿದಾಗಲೇ ತಪ್ಪು ನಡೆದುಹೋಗಿರುತ್ತದೆ.

ಈ ವಿವೇಕವು ನಮಗೆ ಹೊಸದೇನೂ ಅಲ್ಲ. ಬೇಡನು ಚೆಲ್ಲಿದ ಕಾಳಿಗೆ ಇಳಿದು ಬಲೆಗೆ ಬಿದ್ದ ಚಿತ್ರಗ್ರೀವನೆಂಬ ಕಪೋತರಾಜನ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಹಕ್ಕಿಗಳು ಬಲೆಯೊಡನೆ ಹಾರಿಹೋದುದನ್ನು ನಾವು ನೆನೆಯುತ್ತೇವೆ. ಕಾಡಿನ ನಡುವೆ ಕಾಳು ಎಲ್ಲಿಂದ ಬಂದಿತೆಂಬ ಪ್ರಶ್ನೆಯಿಂದ ಆ ಕಥೆಯು ಮೊದಲಾಗುತ್ತದೆಂಬುದನ್ನು ಮರೆಯುತ್ತೇವೆ. ಬೆಳವಕ್ಕಿಯು ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೇ ಮೊಟ್ಟೆಗಳನ್ನಿಡುತ್ತದೆ. ತಂದೆತಾಯಿಗಳೆರಡೂ ತಮ್ಮ ಕತ್ತಿನ ಚೀಲದಲ್ಲಿ ಸ್ರವಿಸುವ ಹಾಲಿನಂತಹ ಆಹಾರವನ್ನು ಮರಿಗಳಿಗೆ ಉಣಿಸುತ್ತವೆ. ಹೊಲದಲ್ಲಿ ಚೀಲವನ್ನು ತುಂಬಿಕೊಳ್ಳುತ್ತಿರುವ ಹಕ್ಕಿಯೊಂದು ಬಿದ್ದರೆ, ಕಾಡಿನಂಚಿನ ಗೂಡೊಂದರಲ್ಲಿ ಎರಡು ಬಾಯಿಗಳು ತೆರೆದೇ ಇರಬಹುದು.

ಕೊಯ್ಲಾದ ಮೇಲೆ ಹೊಲದಲ್ಲಿ ಕಾಳು ಉದುರಿಯೇ ಇರುತ್ತದೆ. ರೈತನು ತನ್ನ ಪಾಲನ್ನು ಮನೆಗೆ ಸಾಗಿಸಿದ್ದಾನೆ; ಉಳಿದುದು ಯಾರ ಲೆಕ್ಕಕ್ಕೂ ಸೇರದು. ಸುಗ್ಗಿ ಮುಗಿದ ಹೊಲದ ಬದುವಿನ ಮೇಲೆ ಬೆಳಗಿನ ಹೊತ್ತು ಸದ್ದಿಲ್ಲದೆ ಕುಳಿತರೆ, ಬೂದುಗೆಂಪು ಬಣ್ಣದ ಆ ಸಾಧುಪಕ್ಷಿಗಳು ಜೋಡಿಜೋಡಿಯಾಗಿ ಇಳಿದು, ತಲೆಯಲ್ಲಾಡಿಸುತ್ತ ನಡೆದು, ತಮ್ಮ ಪಾಲನ್ನು ಆರಿಸಿಕೊಳ್ಳುವುದನ್ನು ನೀವು ಕಾಣಬಹುದು. ಹಕ್ಕಿಯನ್ನು ಹತ್ತಿರದಿಂದ ನೋಡುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಇದಕ್ಕೆ ಬಂದೂಕೂ ಬೇಡ, ಲೈಸೆನ್ಸೂ ಬೇಡ.