ಇಂಗ್ಲಿಷಿನ ಪೂರ್ಣವರ್ತಮಾನವೂ ಕಾಲಸೂಚಕ ಪದಗಳೂ

ಪ್ರಯೋಗಶಾಲೆಯ ದಾಖಲೆ ಪುಸ್ತಕಗಳನ್ನು ತಿದ್ದುವಾಗ ಭೌತವಿಜ್ಞಾನದ ಅಧ್ಯಾಪಕನ ಕೆಂಪು ಮಸಿ ಅಂಕಿಗಳ ಮೇಲೆ ಮಾತ್ರವೇ ಓಡುವುದಿಲ್ಲ. ಆಗಾಗ ವ್ಯಾಕರಣದ ಮೇಲೂ ಓಡಬೇಕಾಗುತ್ತದೆ. “ವಿ ಹ್ಯಾವ್ ಮೆಷರ್ಡ್ ದಿ ರೆಸಿಸ್ಟೆನ್ಸ್ ಯೆಸ್ಟರ್ಡೇ” ಎಂಬಂಥ ವಾಕ್ಯ ಪ್ರತಿವರ್ಷವೂ ಒಂದಲ್ಲ ಒಂದು ಪುಸ್ತಕದಲ್ಲಿ ಕಣ್ಣಿಗೆ ಬೀಳುತ್ತದೆ. ‘ಯೆಸ್ಟರ್ಡೇ’ ಎಂಬ ಪದದ ಕೆಳಗೆ ಗೆರೆ ಎಳೆದುದನ್ನು ಕಂಡು ವಿದ್ಯಾರ್ಥಿಯೊಬ್ಬನು ಒಮ್ಮೆ ಕೇಳಿದನು: “ಸಾರ್, ‘ರೋಧವನ್ನು ನಿನ್ನೆಯೇ ಅಳೆದಿದ್ದೇವೆ’ ಎಂದು ಕನ್ನಡದಲ್ಲಿ ಹೇಳಿದರೆ ಯಾರೂ ತಪ್ಪೆನ್ನುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅದೇಕೆ ತಪ್ಪು?”

ಪ್ರಶ್ನೆ ನ್ಯಾಯವಾದುದು. “ಅದು ನಿಯಮ” ಎಂದು ಹೇಳಿ ಸುಮ್ಮನಾಗುವುದು ಉತ್ತರವಲ್ಲ. ಕಾಲವನ್ನು ಅಳೆಯುವುದೇ ಕಸುಬಾಗಿರುವ ನಮಗೆ ಭಾಷೆ ಕಾಲವನ್ನು ಹೇಗೆ ಅಳೆಯುತ್ತದೆಂಬುದೂ ವಿಚಾರಾರ್ಹವಾದ ವಿಷಯವೇ ಸರಿ.

ಮೈನ್ ಸ್ವಿಚ್ಚಿನ ದೃಷ್ಟಾಂತ

ಮೊದಲು ಈ ಭೇದದಿಂದ ಆಗಬೇಕಾದುದೇನು ಎಂಬುದನ್ನು ನೋಡೋಣ. ಪ್ರಯೋಗಶಾಲೆಯಲ್ಲಿ ಒಬ್ಬನು ತಂತಿಯನ್ನು ಬಿಚ್ಚಲು ಕೈಯಿಟ್ಟಿದ್ದಾನೆ. ಮೈನ್ ಸ್ವಿಚ್ ಆರಿದೆಯೇ ಎಂದು ಗೆಳೆಯನನ್ನು ಕೇಳುತ್ತಾನೆ. ಗೆಳೆಯನು “ಐ ಹ್ಯಾವ್ ಆಲ್‌ರೆಡಿ ಸ್ವಿಚ್ಡ್ ಇಟ್ ಆಫ್” ಎಂದರೆ ತಂತಿಯನ್ನು ಮುಟ್ಟಬಹುದೆಂಬ ಅಭಿಪ್ರಾಯ ಆ ಮಾತಿನಲ್ಲೇ ಅಡಗಿದೆ. ಹಾಗಲ್ಲದೆ “ಐ ಸ್ವಿಚ್ಡ್ ಇಟ್ ಆಫ್ ಅಟ್ ಟೆನ್” ಎಂದರೆ ಹತ್ತು ಗಂಟೆಗೆ ಆರಿಸಿದ ಸಂಗತಿ ಮಾತ್ರ ತಿಳಿಯಿತು. ಆಮೇಲೆ ಬೇರೊಬ್ಬರು ಅದನ್ನು ಮತ್ತೆ ಹಾಕಿದ್ದರೂ ಹಾಕಿರಬಹುದು. ಎರಡು ವಾಕ್ಯಗಳೂ ಒಂದೇ ಕ್ರಿಯೆಯನ್ನು ಕುರಿತವು. ಆದರೆ ಮೊದಲನೆಯದು ಈಗಿನ ಸ್ಥಿತಿಯನ್ನು ತಿಳಿಸುತ್ತದೆ. ಎರಡನೆಯದು ಗತಿಸಿದ ಒಂದು ಗಳಿಗೆಯನ್ನು ತಿಳಿಸುತ್ತದೆ.

ಆದುದರಿಂದಲೇ ವ್ಯಾಕರಣಕಾರರು ಮೊದಲನೆಯದಕ್ಕೆ ‘ಪೂರ್ಣವರ್ತಮಾನ’ ಎಂದು ಹೆಸರಿಟ್ಟರು. ಕ್ರಿಯೆ ಪೂರ್ಣವಾಗಿದೆ, ಆದರೆ ಕಾಲ ವರ್ತಮಾನ. ‘ಹ್ಯಾವ್’ ಎಂಬುದು ವರ್ತಮಾನಕಾಲದ ರೂಪವೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಅನೇಕ ವೇಳೆ ಮರೆಯುತ್ತಾರೆ.

ಮೂರು ಬಿಂದುಗಳು

ಕಾಲವನ್ನು ಎಡದಿಂದ ಬಲಕ್ಕೆ ಎಳೆದ ಒಂದು ಸರಳರೇಖೆಯೆಂದು ಭಾವಿಸೋಣ. ಹ್ಯಾನ್ಸ್ ರೈಕೆನ್‌ಬಾಕ್ ಎಂಬ ಜರ್ಮನ್ ತತ್ತ್ವಜ್ಞಾನಿಯು ೧೯೪೭ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥವೊಂದರಲ್ಲಿ ಕ್ರಿಯಾಪದದ ಕಾಲಗಳನ್ನು ಇಂಥ ರೇಖೆಯ ಮೇಲೆಯೇ ಗುರುತಿಸಿ ತೋರಿಸಿದನು. ಈತನು ಬರ್ಲಿನ್ನಿನಲ್ಲಿ ಐನ್‌ಸ್ಟೈನರ ಸಾಪೇಕ್ಷತಾವಾದದ ಉಪನ್ಯಾಸಗಳನ್ನು ಕೇಳಿದವನು. ದೇಶಕಾಲಗಳ ತತ್ತ್ವವನ್ನು ಕುರಿತು ಗ್ರಂಥಗಳನ್ನು ರಚಿಸಿದವನು.

ರೇಖೆಯ ಮೇಲೆ ಎರಡಲ್ಲ, ಮೂರು ಬಿಂದುಗಳು ಬೇಕೆಂಬುದು ರೈಕೆನ್‌ಬಾಕನ ಅಭಿಪ್ರಾಯ. ಮಾತನಾಡುವ ಗಳಿಗೆ ಒಂದು, ಅದನ್ನು ಉಕ್ತಿಕಾಲವೆನ್ನೋಣ. ಕ್ರಿಯೆ ನಡೆದ ಗಳಿಗೆ ಇನ್ನೊಂದು, ಅದು ಘಟನಾಕಾಲ. ಮೂರನೆಯದು, ಮಾತನಾಡುವವನು ಯಾವ ಗಳಿಗೆಯಲ್ಲಿ ನಿಂತು ಘಟನೆಯನ್ನು ನೋಡುತ್ತಿದ್ದಾನೆಯೋ ಆ ಗಳಿಗೆ, ಅದು ನಿರ್ದೇಶಕಾಲ. ಚಲನೆಯನ್ನು ವರ್ಣಿಸಲು ನಿರ್ದೇಶನ ಚೌಕಟ್ಟೊಂದು ಬೇಕಾಗುವಂತೆ ಕಾಲವನ್ನು ವರ್ಣಿಸಲೂ ನಿಂತು ನೋಡುವ ಒಂದು ಸ್ಥಾನ ಬೇಕು.

ಸಾಮಾನ್ಯ ಭೂತಕಾಲದಲ್ಲಿ ನಿರ್ದೇಶಕಾಲವೂ ಘಟನಾಕಾಲವೂ ಒಂದೇ. ಎರಡೂ ಹಿಂದೆ ಉಳಿದುವು. ಮನಸ್ಸು ಆ ಹಿಂದಿನ ಗಳಿಗೆಗೇ ಹೋಗಿ ನಿಲ್ಲುತ್ತದೆ. ಪೂರ್ಣವರ್ತಮಾನದಲ್ಲಾದರೋ ಘಟನೆ ಹಿಂದಿನದು. ಆದರೆ ನಿರ್ದೇಶಕಾಲ ಉಕ್ತಿಕಾಲದೊಡನೆ ಒಂದಾಗಿದೆ. ಅಂದರೆ ನಾವು ‘ಈಗ’ ಎಂಬ ಬಿಂದುವಿನಲ್ಲೇ ನಿಂತು ಹಿಂದಿರುಗಿ ನೋಡುತ್ತಿದ್ದೇವೆ. ರೈಕೆನ್‌ಬಾಕನ ಮತದಂತೆ ಕಾಲಸೂಚಕ ಪದ ಅಂಟಿಕೊಳ್ಳುವುದು ನಿರ್ದೇಶಕಾಲಕ್ಕೆ. ‘ಹ್ಯಾವ್’ ಎಂಬುದು ನಮ್ಮನ್ನು ‘ಈಗ’ದಲ್ಲಿ ನಿಲ್ಲಿಸುತ್ತದೆ, ‘ಯೆಸ್ಟರ್ಡೇ’ ಎಂಬುದು ನಿನ್ನೆಗೆ ಎಳೆಯುತ್ತದೆ. ಒಬ್ಬನೇ ವೀಕ್ಷಕನು ಎರಡು ಕಡೆ ನಿಲ್ಲಲಾರನು. ವಾಕ್ಯ ಕೆಡುವುದಕ್ಕೆ ಕಾರಣ ಇದೇ.

ಈ ವಿವರಣೆಯನ್ನು ಪರೀಕ್ಷಿಸಿ ನೋಡಲೂಬಹುದು. “ಹಿ ಮೇ ಹ್ಯಾವ್ ಕಮ್ ಯೆಸ್ಟರ್ಡೇ” ಎಂಬ ವಾಕ್ಯ ಶುದ್ಧವಾದುದು. ಇಲ್ಲಿಯೂ ‘ಹ್ಯಾವ್’ ಇದೆ, ‘ಯೆಸ್ಟರ್ಡೇ’ ಇದೆ, ಆದರೂ ಜಗಳವಿಲ್ಲ. ಏಕೆಂದರೆ ‘ಮೇ’ ಎಂಬುದರ ಮುಂದೆ ಬಂದಿರುವ ‘ಹ್ಯಾವ್’ ತಾನಾಗಿ ವರ್ತಮಾನಕಾಲವನ್ನು ಸೂಚಿಸುವುದಿಲ್ಲ. ಆದಕಾರಣ ‘ಯೆಸ್ಟರ್ಡೇ’ ಎಂಬುದರ ವಿರೋಧ ‘ಹ್ಯಾವ್’ ಎಂಬ ಪದದೊಡನೆ ಅಲ್ಲ, ಅದರ ವರ್ತಮಾನತ್ವದೊಡನೆ ಎಂಬುದು ಸ್ಪಷ್ಟವಾಗುತ್ತದೆ.

ಪದಗಳ ಮೂರು ಗುಂಪುಗಳು

ಇಷ್ಟು ತಿಳಿದ ಮೇಲೆ ಕಾಲಸೂಚಕವಾದ ಕ್ರಿಯಾವಿಶೇಷಣಗಳನ್ನು ಉರುಹೊಡೆಯಬೇಕಾದ ಅಗತ್ಯ ಬಹಳಮಟ್ಟಿಗೆ ತಪ್ಪುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ಪದ ಸೂಚಿಸುವ ಕಾಲಾವಧಿ ‘ಈಗ’ ಎಂಬ ಬಿಂದುವನ್ನು ಮುಟ್ಟುತ್ತದೆಯೇ?

ಮುಟ್ಟದೆ ಹಿಂದೆಯೇ ಮುಗಿದುಹೋಗುವ ಪದಗಳು ಮೊದಲನೆಯ ಗುಂಪಿನವು: ಯೆಸ್ಟರ್ಡೇ, ಲಾಸ್ಟ್ ಇಯರ್, ಟೂ ಡೇಸ್ ಅಗೋ, ಅಟ್ ಫೈವ್ ಓ ಕ್ಲಾಕ್, ಇನ್ ೧೯೨೮. ಇವಕ್ಕೆ ಸಾಮಾನ್ಯ ಭೂತಕಾಲವೇ ಒಪ್ಪುವುದು. ‘ವೆನ್’ ಎಂದು ಆರಂಭವಾಗಿ ನಡೆದುಹೋದ ಘಟನೆಯ ಗಳಿಗೆಯನ್ನು ಕೇಳುವ ಪ್ರಶ್ನೆಯೂ ಇದೇ ಗುಂಪಿಗೆ ಸೇರುತ್ತದೆ.

‘ಈಗ’ವನ್ನು ಮುಟ್ಟುವ ಪದಗಳು ಎರಡನೆಯ ಗುಂಪಿನವು: ಸೋ ಫಾರ್, ಅಪ್ ಟು ನೌ, ಲೇಟ್ಲಿ, ಆಲ್‌ರೆಡಿ, ಯೆಟ್. ಇವು ಪೂರ್ಣವರ್ತಮಾನದ ಆಪ್ತರು. ಇವುಗಳಲ್ಲಿ ‘ಆಲ್‌ರೆಡಿ’ ಸಾಮಾನ್ಯವಾಗಿ ‘ಹ್ಯಾವ್’ ಮತ್ತು ಕೃದಂತಗಳ ನಡುವೆ ಕುಳಿತುಕೊಳ್ಳುತ್ತದೆ. ‘ಜಸ್ಟ್’, ‘ಎವರ್’, ‘ನೆವರ್’ಗಳ ಸ್ಥಾನವೂ ಅದೇ. ‘ಯೆಟ್’ ಎಂಬುದು ಪ್ರಶ್ನೆಯಲ್ಲಿಯೂ ನಿಷೇಧದಲ್ಲಿಯೂ ಬಂದು ಬಹುಮಟ್ಟಿಗೆ ವಾಕ್ಯದ ಕೊನೆಯಲ್ಲಿ ನಿಲ್ಲುತ್ತದೆ: “ದಿ ವಾಟರ್ ಹ್ಯಾಸ್ ನಾಟ್ ಬಾಯ್ಲ್ಡ್ ಯೆಟ್.” ಆದರೆ ಅಮೆರಿಕನ್ನರು “ಐ ಆಲ್‌ರೆಡಿ ಏಟ್” ಎಂದು ಭೂತಕಾಲದೊಡನೆಯೂ ಧಾರಾಳವಾಗಿ ಬಳಸುತ್ತಾರೆ. ಅದು ತಪ್ಪಲ್ಲ, ಅಲ್ಲಿನ ವಾಡಿಕೆ.

ಸಂದರ್ಭಕ್ಕೆ ತಕ್ಕಂತೆ ಎರಡು ಕಡೆಯೂ ಸೇರುವ ಪದಗಳದು ಮೂರನೆಯ ಗುಂಪು. ‘ದಿಸ್ ಮಾರ್ನಿಂಗ್’ ಎಂಬುದು ಇದಕ್ಕೆ ಸ್ವಾರಸ್ಯವಾದ ಉದಾಹರಣೆ. ಬೆಳಗ್ಗೆ ಹತ್ತು ಗಂಟೆಗೆ “ಐ ಹ್ಯಾವ್ ಟೇಕನ್ ಸಿಕ್ಸ್ ರೀಡಿಂಗ್ಸ್ ದಿಸ್ ಮಾರ್ನಿಂಗ್” ಎನ್ನಬಹುದು. ಇನ್ನೂ ರೀಡಿಂಗುಗಳನ್ನು ತೆಗೆದುಕೊಳ್ಳಲು ಬೆಳಗು ಉಳಿದಿದೆ. ಸಂಜೆ ನಾಲ್ಕಕ್ಕೆ ಅದೇ ಮಾತನ್ನು “ಐ ಟುಕ್” ಎಂದೇ ಹೇಳಬೇಕು. ಪದ ಬದಲಾಗಲಿಲ್ಲ, ಗಡಿಯಾರದ ಮುಳ್ಳು ಬದಲಾಯಿತು.

‘ಸಿನ್ಸ್’ ಮತ್ತು ‘ಫಾರ್’

ನಮ್ಮವರು ಹೆಚ್ಚಾಗಿ ಎಡವುವ ಸ್ಥಳ ಇದು. “ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್” ಎಂಬ ವಾಕ್ಯದ ಮೂಲ ಕನ್ನಡದ ತೃತೀಯಾ ವಿಭಕ್ತಿಯಲ್ಲಿದೆ. ‘೧೯೩೩ರಿಂದ’ ಎಂದಾಗಲೂ ‘ಐದು ವರ್ಷಗಳಿಂದ’ ಎಂದಾಗಲೂ ನಮಗೆ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿಗೆ ಎರಡು ಪದಗಳು ಬೇಕು. ಭೌತವಿಜ್ಞಾನದ ವಿದ್ಯಾರ್ಥಿಗೆ ಈ ಭೇದ ಹೊಸದೇನಲ್ಲ: ಒಂದು ಕಾಲದ ಬಿಂದು, ಇನ್ನೊಂದು ಕಾಲದ ಅಂತರ. ಬಿಂದುವಿಗೆ ‘ಸಿನ್ಸ್’, ಅಂತರಕ್ಕೆ ‘ಫಾರ್’.

‘ಸಿನ್ಸ್ ೧೯೩೩’ ಎಂಬಲ್ಲಿ ಹಳೆಯ ಇಸವಿಯೊಂದು ಇದ್ದರೂ ಪೂರ್ಣವರ್ತಮಾನ ಒಪ್ಪುತ್ತದೆ. ಏಕೆಂದರೆ ಆ ಇಸವಿ ಅವಧಿಯ ಆರಂಭ ಮಾತ್ರ, ಇನ್ನೊಂದು ತುದಿ ‘ಈಗ’ದಲ್ಲಿದೆ. ‘ಫಾರ್’ ಹಾಗಲ್ಲ, ಅದು ಅವಧಿಯ ಉದ್ದವನ್ನಷ್ಟೇ ಹೇಳುತ್ತದೆ, ರೇಖೆಯ ಮೇಲೆ ಅದರ ಸ್ಥಾನವನ್ನು ಹೇಳುವುದಿಲ್ಲ. ಸ್ಥಾನವನ್ನು ನಿರ್ಧರಿಸುವುದು ಕ್ರಿಯಾಪದ. “ಹಿ ಹ್ಯಾಸ್ ವರ್ಕ್ಡ್ ಹಿಯರ್ ಫಾರ್ ಟೆನ್ ಇಯರ್ಸ್” ಎಂದರೆ ಈಗಲೂ ಇಲ್ಲಿಯೇ ಕೆಲಸದಲ್ಲಿದ್ದಾನೆಂದು ತಿಳಿಯುತ್ತೇವೆ. “ಹಿ ವರ್ಕ್ಡ್” ಎಂದರೆ ಆ ಹತ್ತು ವರ್ಷಗಳು ಮುಗಿದುವು.

ಸರ್ ಸಿ. ವಿ. ರಾಮನ್ ಅವರು ೧೯೩೩ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. “ರಾಮನ್ ಹ್ಯಾಸ್ ಲಿವ್ಡ್ ಇನ್ ಬ್ಯಾಂಗಲೂರ್ ಸಿನ್ಸ್ ೧೯೩೩” ಎಂಬ ವಾಕ್ಯ ೧೯೭೦ರ ನವೆಂಬರ್ ೨೦ರಂದು ಸತ್ಯವಾಗಿತ್ತು. ಮರುದಿನ ಅವರು ತೀರಿಕೊಂಡರು. ಆ ವಾಕ್ಯವೂ ಅವರೊಡನೆಯೇ ಮುಗಿಯಿತು. ಅಂದಿನಿಂದ “ಲಿವ್ಡ್” ಎಂದಷ್ಟೇ ಹೇಳಬಹುದು. ಅವರು ತಮ್ಮ ಪರಿಣಾಮವನ್ನು ಕಂಡುಹಿಡಿದುದು ೧೯೨೮ರ ಫೆಬ್ರವರಿ ೨೮ರಂದು; ಅದೂ ಭೂತಕಾಲವೇ. ಆದರೆ “ಫಿಸಿಸಿಸ್ಟ್ಸ್ ಹ್ಯಾವ್ ಯೂಸ್ಡ್ ದಿ ರಾಮನ್ ಎಫೆಕ್ಟ್ ಎವರ್ ಸಿನ್ಸ್” ಎಂಬ ಮಾತು ಇಂದಿಗೂ ಸಲ್ಲುತ್ತದೆ. ಮನುಷ್ಯನ ಅವಧಿ ಮುಗಿದಿದ್ದರೂ ಅವನ ಕಾರ್ಯದ ಅವಧಿ ‘ಈಗ’ವನ್ನು ಮುಟ್ಟುತ್ತಲೇ ಇದೆ.

ಎಲ್ಲ ಭಾಷೆಗಳಿಗೂ ಒಂದೇ ನಿಯಮವೇ?

ಅಲ್ಲ. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ‘ಹ್ಯಾವ್’ ಎಂಬುದಕ್ಕೆ ಸಮಾನವಾದ ಪದವನ್ನು ಸೇರಿಸಿ ಮಾಡುವ ರೂಪದೊಡನೆ ‘ನಿನ್ನೆ’ ಎಂಬ ಪದ ನಿರಾತಂಕವಾಗಿ ಬರುತ್ತದೆ. ಕನ್ನಡದಲ್ಲಿಯೂ ಹಾಗೆಯೇ. ‘ಬಂದಿದ್ದಾನೆ’ ಎಂಬುದನ್ನು ಬಿಡಿಸಿದರೆ ‘ಬಂದು ಇದ್ದಾನೆ’ ಎಂದಾಗುತ್ತದೆ. “ಅವನು ನಿನ್ನೆಯೇ ಬಂದಿದ್ದಾನೆ” ಎಂಬಲ್ಲಿ ‘ನಿನ್ನೆ’ಯು ‘ಬಂದು’ ಎಂಬ ಭಾಗಕ್ಕೆ ಅಂಟಿಕೊಂಡು, ‘ಇದ್ದಾನೆ’ ಎಂಬ ಭಾಗವನ್ನು ಇಂದಿಗೆ ಬಿಟ್ಟುಕೊಡುತ್ತದೆ. ಒಂದೇ ವಾಕ್ಯದಲ್ಲಿ ಎರಡು ಸಂಗತಿಗಳನ್ನು ಹೇಳಿದಂತಾಯಿತು. ಇಂಗ್ಲಿಷಿನಲ್ಲಿ ಅದನ್ನೇ ಎರಡು ವಾಕ್ಯಗಳಾಗಿ ಒಡೆಯಬೇಕು: “ಹಿ ಕೇಮ್ ಯೆಸ್ಟರ್ಡೇ. ಹಿ ಈಸ್ ಹಿಯರ್.”

ಘಟನಾಕಾಲವೂ ಒಂದು ಸ್ಪಷ್ಟವಾದ ಗಳಿಗೆಯೇ ಆಗಿರುವಾಗ ಇಂಗ್ಲಿಷಿನಲ್ಲಿ ‘ಯೆಸ್ಟರ್ಡೇ’ ಎಂಬುದು ಅದಕ್ಕೆ ಏಕೆ ಅಂಟಿಕೊಳ್ಳಬಾರದು? ವುಲ್ಫ್‌ಗ್ಯಾಂಗ್ ಕ್ಲೈನ್ ಎಂಬ ಭಾಷಾವಿಜ್ಞಾನಿಯು ೧೯೯೨ರಲ್ಲಿ ಇದನ್ನೇ ಪೂರ್ಣವರ್ತಮಾನದ ಒಗಟೆಂದು ಕರೆದು ಪ್ರಬಂಧವೊಂದನ್ನು ಬರೆದನು. ನೋಡುವ ಗಳಿಗೆ, ನಡೆದ ಗಳಿಗೆ ಇವೆರಡನ್ನೂ ಒಂದೇ ವಾಕ್ಯದಲ್ಲಿ ಬೇರೆಬೇರೆಯಾಗಿ ನಿರ್ದಿಷ್ಟಗೊಳಿಸಲಾಗದು ಎಂಬುದು ಅವನು ಕೊಟ್ಟ ಉತ್ತರದ ತಿರುಳು. ಆದರೂ ವಿದ್ವಾಂಸರ ಚರ್ಚೆ ಅಲ್ಲಿಗೆ ನಿಂತಿಲ್ಲ.

ಆ ವಿದ್ಯಾರ್ಥಿಯ ಕನ್ನಡ ಕಿವಿ ತಪ್ಪು ಕೇಳಿರಲಿಲ್ಲ. ಒಂದು ಭಾಷೆಯ ಗಡಿಯಾರದಿಂದ ಇನ್ನೊಂದು ಭಾಷೆಯ ಕಾಲವನ್ನು ಅಳೆದಿತ್ತು, ಅಷ್ಟೆ. ಮುಂದಿನ ಬಾರಿ ದಾಖಲೆ ಪುಸ್ತಕದಲ್ಲಿ ‘ಹ್ಯಾವ್’ ಎಂದು ಬರೆಯುವ ಮೊದಲು ವಿದ್ಯಾರ್ಥಿಗಳು ಒಂದು ಕ್ಷಣ ನಿಂತು, ತಾವು ಹೇಳಹೊರಟಿರುವುದು ಅಂದಿನ ಗಳಿಗೆಯನ್ನೋ ಇಂದಿನ ಸ್ಥಿತಿಯನ್ನೋ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಮೈನ್ ಸ್ವಿಚ್ಚಿನ ಬಳಿ ನಿಂತಾಗಲಂತೂ ಮರೆಯದೆ ಕೇಳಿಕೊಳ್ಳಲಿ.