ನಾಲ್ಕೂ ಒಟ್ಟಿಗೇ ಯಾಕ್ರೀ?

ಹೋದ ಮಳೆಗಾಲದಲ್ಲಿ ಧಾರವಾಡದಿಂದ ಪುಣೆಗೆ ವಾಪಸ್ ಬರುತ್ತಿದ್ದೆವು. ಸಂಕೇಶ್ವರ ದಾಟಿದ ಮೇಲೆ ನೀರು ತುಂಬಿದ ಗುಂಡಿಯೊಂದರಲ್ಲಿ ಕಾರಿನ ಎಡಗಡೆಯ ಹಿಂದಿನ ಗಾಲಿ ಧಡ್ ಎಂದು ಬಿತ್ತು. ಇಳಿದು ನೋಡಿದರೆ ಟಯರಿನ ಪಕ್ಕದ ಗೋಡೆ ಎರಡು ಬೆರಳು ತೂರುವಷ್ಟು ಹರಿದಿತ್ತು. ಹಿಂದಿನ ಸೀಟಿನಲ್ಲಿ ಅವ್ವ, ಅವಳ ತೊಡೆಯ ಮೇಲೆ ನಿದ್ದೆ ಹೋದ ಮಗಳು. ಮಳೆಯಲ್ಲಿ ತೊಯ್ದುಕೊಂಡೇ ಸ್ಟೆಪ್ನಿ ಹಾಕಿ, ನಿಧಾನವಾಗಿ ನಿಪ್ಪಾಣಿ ಮುಟ್ಟಿದೆ.

ಅಲ್ಲಿ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಮಲಯಾಳಿ ಚೇಟ ಹರಿದ ಟಯರನ್ನು ಒಮ್ಮೆ ತಿರುಗಿಸಿ ನೋಡಿ, "ಸೈಡ್ ಹೋಗಿದೆ ಸಾರ್, ಇದಕ್ಕೆ ಪಂಕ್ಚರ್ ಇಲ್ಲ" ಎಂದ. ಸ್ಟೆಪ್ನಿಗೆ ಗಾಳಿ ಹಿಡಿದು, ಕಾರಿನ ಹಿಂದೆ ಬರೆದದ್ದನ್ನು ಓದಿ, "ಇದು ಫೋರ್ ವೀಲ್ ಗಾಡಿ ಅಲ್ವಾ? ಒಳಗೆ ಸ್ವಿಚ್ ಇದೆಯಲ್ಲ, ಅದನ್ನ ಟೂ ವೀಲ್‌ಗೆ ಇಟ್ಟು ಹೋಗಿ. ಆಟೋದಲ್ಲಿ ಬಿಡಬೇಡಿ" ಅಂದ. ಎಲ್ಲಾ ಕಾರಿಗೂ ನಾಲ್ಕೇ ಗಾಲಿಯಲ್ಲವೇ ಎಂದು ನಾನು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ. ದುಡ್ಡು ತೆಗೆದುಕೊಂಡು ಮುಂದಿನ ಲಾರಿಯ ಕಡೆ ಹೋದ.

ನನ್ನದು 2016ರ ರೆನೋ ಡಸ್ಟರ್, ಆಲ್ ವೀಲ್ ಡ್ರೈವ್, ಸೆಕೆಂಡ್ ಹ್ಯಾಂಡ್. ಸಹ್ಯಾದ್ರಿಯ ಮಳೆ, ಅಂಬೋಲಿ, ತಾಮ್ಹಿಣಿ ಅಂತ ಹುಚ್ಚು ಹಿಡಿದಾಗ ತೊಗೊಂಡದ್ದು. ಇದರಲ್ಲಿ ಒಂದು ಗುಂಡಿ ಇದೆ: ಟೂ ವೀಲ್, ಆಟೋ, ಲಾಕ್. ಆಟೋದಲ್ಲಿಟ್ಟರೆ ಸಾಮಾನ್ಯವಾಗಿ ಮುಂದಿನ ಗಾಲಿಗಳೇ ಎಳೆಯುತ್ತವೆ. ಅವು ಜಾರಿದರೆ ಹಿಂದುಗಡೆ ಇರುವ ವಿದ್ಯುತ್ಕಾಂತದ ಕಪ್ಲಿಂಗ್ ಕಚ್ಚಿಕೊಂಡು ಹಿಂದಿನ ಗಾಲಿಗಳಿಗೂ ಶಕ್ತಿ ಕಳಿಸುತ್ತದೆ. ಜಾರಿದ್ದು ಹೇಗೆ ಗೊತ್ತಾಗುತ್ತದೆ? ಮುಂದಿನ ಗಾಲಿ, ಹಿಂದಿನ ಗಾಲಿ ತಿರುಗುವ ವೇಗ ಹೋಲಿಸಿ. ಚೇಟನ ಮಾತಿನ ಗುಟ್ಟು ಇಲ್ಲೇ ಇದೆ.

ಪುಣೆಗೆ ಬಂದ ಮೇಲೆ ಇನ್ನೂರು ಚಿಲ್ಲರೆ ರೂಪಾಯಿಯ ಒಂದು ಅಳತೆ ಕಡ್ಡಿ ತರಿಸಿ, ಟಯರಿನ ಗೀರುಗಳ ಆಳ ನೋಡಿದೆ. ಮುಂದಿನವು 3 ಮಿ.ಮೀ., ಹಿಂದೆ ಉಳಿದದ್ದು 4 ಮಿ.ಮೀ. ಹತ್ತು ಸಾವಿರ ಕಿ.ಮೀ.ಗೊಮ್ಮೆ ಹಿಂದೆ ಮುಂದೆ ಬದಲಿಸಿದ್ದರೆ ಈ ವ್ಯತ್ಯಾಸ ಬರುತ್ತಿರಲಿಲ್ಲ. ಅದು ನನ್ನದೇ ಸೋಮಾರಿತನ. ಸ್ಟೆಪ್ನಿ ಮಾತ್ರ ನೆಲಕ್ಕೇ ತಾಗಿರಲಿಲ್ಲ, ಪೂರ್ತಿ 8 ಮಿ.ಮೀ.

ಟಯರ್ ಅಂಗಡಿಯವನ ಸಲಹೆ ಸರಳವಾಗಿತ್ತು: "ಸಾಹೇಬ್, ದೋನಚ್ ಟಾಕಾ." ಎರಡೇ ಹಾಕಿಸಿ. ಹೊಸ ಎರಡು ಮುಂದೆ, ಹಳೆಯವು ಹಿಂದೆ, ಹದಿನೇಳು ಸಾವಿರದಲ್ಲಿ ಕೆಲಸ ಮುಗಿಯಿತು. ನಾಲ್ಕೂ ಹಾಕಿಸಿದರೆ ಮೂವತ್ತನಾಲ್ಕು ಸಾವಿರ. ಅದೇ ತಿಂಗಳು ಮಗಳ ಶಾಲೆಯ ಫೀ ಕಟ್ಟುವುದಿತ್ತು. ನಿಜ ಹೇಳಬೇಕೆಂದರೆ ಹೂಂ ಎನ್ನುವವನೇ ಇದ್ದೆ. ಚೇಟನ ಮುಖ ನೆನಪಾಗಿ, ನಾಳೆ ಬರುತ್ತೇನೆ ಎಂದು ಹೇಳಿ ಮನೆಗೆ ಬಂದೆ.

ರಾತ್ರಿ ಊಟವಾದ ಮೇಲೆ ಕಾಗದ, ಕ್ಯಾಲ್ಕ್ಯುಲೇಟರ್ ಹಿಡಿದು ಕುಳಿತೆ. "ನಾಲ್ಕೂ ಒಟ್ಟಿಗೇ ಯಾಕ್ರೀ? ಎರಡು ಚಲೋ ಅದಾವಲ್ಲ" ಎಂದಳು ಹೆಂಡತಿ. ಅವಳಿಗೆ ತೋರಿಸಲೆಂದೇ ಲೆಕ್ಕ ಬರೆದೆ. ನಮ್ಮ ಟಯರ್ 215/65 ಆರ್ 16. ಅಂದರೆ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ಮು 16 ಇಂಚು. ಕೂಡಿಸಿದರೆ ಹೊಸ ಟಯರಿನ ವ್ಯಾಸ ಸುಮಾರು 686 ಮಿ.ಮೀ. 5 ಮಿ.ಮೀ. ಸವೆದದ್ದಕ್ಕೆ ವ್ಯಾಸ 10 ಮಿ.ಮೀ. ಕಡಿಮೆ. ಹೊಸದು ಒಂದು ಕಿಲೋಮೀಟರಿಗೆ 464 ಸುತ್ತು ಹಾಕಿದರೆ ಹಳೆಯದು 471 ಹಾಕಬೇಕು. ಏಳೇ ಸುತ್ತು. ಆದರೆ ಪುಣೆಯಿಂದ ಧಾರವಾಡಕ್ಕೆ 410 ಕಿ.ಮೀ. ಹಿಡಿದರೆ ಸುಮಾರು 2,800 ಸುತ್ತಿನ ವ್ಯತ್ಯಾಸ!

ಬರೀ ಮುಂದಿನ ಗಾಲಿ ಎಳೆಯುವ ಕಾರಿಗೆ ಇದರಿಂದ ಏನೂ ಆಗುವುದಿಲ್ಲ, ಹಿಂದಿನವು ತಮ್ಮ ಪಾಡಿಗೆ ತಾವು ಉರುಳುತ್ತವೆ. ನಮ್ಮಂಥ ಕಾರಿನಲ್ಲಿ ಹಾಗಲ್ಲ. ಒಣ ರಸ್ತೆಯಲ್ಲಿ ನೆಟ್ಟಗೆ ಹೋಗುವಾಗಲೂ ಹಿಂದೆ ಮುಂದೆ ವೇಗ ಬೇರೆಯಾಗಿಯೇ ಇರುತ್ತದೆ. ಗಾಲಿ ಜಾರುತ್ತಿದೆ ಎಂದು ತಿಳಿದು ಕಪ್ಲಿಂಗ್ ಸುಮ್ಮಸುಮ್ಮನೆ ಕಚ್ಚಿಕೊಳ್ಳಬಹುದು, ಒಳಗಿನ ಬಿಲ್ಲೆಗಳು ಉಜ್ಜಿ ಬಿಸಿಯಾಗಬಹುದು. ಲಾಕ್ ಹಾಕಿಬಿಟ್ಟರಂತೂ ಆ ಏಳು ಸುತ್ತಿಗೆ ಹೋಗಲು ದಾರಿಯೇ ಇಲ್ಲ, ಶಾಫ್ಟು ಗೇರುಗಳು ಬಿಗಿದುಕೊಳ್ಳುತ್ತವೆ. ಕಪ್ಲಿಂಗ್ ಹೋದರೆ ಟಯರಿನಲ್ಲಿ ಉಳಿಸಿದ ಹದಿನೇಳು ಸಾವಿರ ಯಾವ ಮೂಲೆಗೂ ಸಾಲದು. ಗೀರಿನ ಆಳದಲ್ಲಿ ಎರಡು ಮೂರು ಮಿ.ಮೀ.ಗಿಂತ ಹೆಚ್ಚು ಅಂತರ ಬೇಡ ಎನ್ನುವುದು ಇಂಥ ಕಾರುಗಳ ರಿಪೇರಿ ಮಾಡುವವರ ಸಾಮಾನ್ಯ ಮಾತು. ಬೇರೆ ಬೇರೆ ಕಂಪನಿಯ ಟಯರ್ ಬೆರೆಸಿದರೂ ಇದೇ ತಾಪತ್ರಯ, ಮೇಲೆ ಬರೆದ ಅಳತೆ ಒಂದೇ ಆದರೂ ನಿಜವಾದ ವ್ಯಾಸ ಚೂರು ಹೆಚ್ಚುಕಡಿಮೆ ಇರುತ್ತದೆ.

ಅಂಗಡಿಯವನ ಇನ್ನೊಂದು ಮಾತೂ ತಪ್ಪು. ಎರಡೇ ಹಾಕಿಸುವಾಗ ಹೊಸವನ್ನು ಮುಂದೆ ಹಾಕುವುದು ನಮ್ಮಲ್ಲಿ ಎಲ್ಲರ ರೂಢಿ. ಸಾದಾ ಕಾರಿಗೂ ಹೊಸವು ಹಿಂದೆಯೇ ಇರಬೇಕು. ನೀರು ನಿಂತ ರಸ್ತೆಯಲ್ಲಿ ಮುಂದಿನ ಗಾಲಿ ಹಿಡಿತ ಬಿಟ್ಟರೆ ಕಾರು ನೆಟ್ಟಗೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟು ಸಂಭಾಳಿಸಬಹುದು. ಹಿಂದಿನದು ಬಿಟ್ಟರೆ ಕಾರು ಗಿರ್ರನೆ ತಿರುಗಿಬಿಡುತ್ತದೆ.

ಹೆಂಡತಿ ಕಾಗದ ನೋಡಿ, "ಹಂಗಾದ್ರ ನಾಲ್ಕೂ ಹಾಕಸ್ರಿ. ಅತ್ತಿಯವರೂ ಅದರಾಗ ಕೂಡತಾರ" ಎಂದಳು. ಫೀ ಎರಡು ಕಂತಿನಲ್ಲಿ ಕಟ್ಟಿದೆವು.

ಇನ್ನು ಯಾವ ಟಯರ್? ಗೆಳೆಯರೆಲ್ಲ ದಪ್ಪ ದಪ್ಪ ಗಡ್ಡೆಯ ಆಲ್ ಟೆರೈನ್ ಹಾಕಿಸು, ಗಾಡಿಗೆ ಒಪ್ಪುತ್ತದೆ ಎಂದರು. ಒಪ್ಪುತ್ತದೆ, ಸುಳ್ಳಲ್ಲ. ಆದರೆ ನನ್ನ ಓಡಾಟ ನೂರಕ್ಕೆ ತೊಂಬತ್ತು ಪಾಲು ಡಾಂಬರಿನ ಮೇಲೆ. ಆ ಟಯರು ಸದ್ದು ಮಾಡುತ್ತದೆ, ಭಾರ, ಡೀಸೆಲ್ ಕುಡಿಯುತ್ತದೆ, ಸಾಮಾನ್ಯವಾಗಿ ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಾಕಿದರೆ ನಿಲ್ಲಲು ಹೆಚ್ಚು ದೂರ ಬೇಕು. ನಮ್ಮ ಮಳೆಗೆ ಬೇಕಾದದ್ದು ನೀರು ಆಚೆ ತಳ್ಳುವ ಹೈವೇ ಟಯರ್. ಮೈಸೂರಿನ ಮಾವನವರು ಫೋನಿನಲ್ಲಿ "ನಮ್ಮೂರಿಂದು ಹಾಕ್ಸಿ ಅಳಿಯಂದ್ರೆ" ಎಂದರು. ಅವರ ಪಾಲಿಗೆ ಅದು ಇನ್ನೂ ವಿಕ್ರಾಂತ್ ಕಾರ್ಖಾನೆಯೇ, 1997ರಲ್ಲಿ ಜೆ.ಕೆ. ಟಯರ್ ಕೈಗೆ ಹೋದದ್ದನ್ನು ಅವರು ಒಪ್ಪಿಯೇ ಇಲ್ಲ. ಯಾವ ಕಂಪನಿಯದು ಹಾಕಿಸಿದೆ ಎಂದು ಇಲ್ಲಿ ಬರೆದರೆ ಮನೆಯಲ್ಲಿ ಜಗಳ, ಬೇಡ.

ಕಂಪನಿಗಿಂತ ನಾನು ನೋಡಿದ್ದು ಪಕ್ಕದಲ್ಲಿ ಬರೆದ ಅಂಕಿಗಳನ್ನು. ಅಳತೆಯ ಮುಂದೆ 98 ಎಚ್ ಎಂದಿದ್ದರೆ ಒಂದು ಟಯರು 750 ಕಿಲೋ ಹೊರುತ್ತದೆ, ಗಂಟೆಗೆ 210 ಕಿ.ಮೀ. ವೇಗ ತಡೆಯುತ್ತದೆ. ಕಾರಿನ ಬಾಗಿಲ ಬಳಿಯ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುವುದಕ್ಕಿಂತ ಕಡಿಮೆಯದು ಅಗ್ಗವಾಗಿ ಸಿಕ್ಕರೂ ಬೇಡ. ಡಾಟ್ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ, ವರ್ಷ. ಮೊದಲು ತಂದಿಟ್ಟ ನಾಲ್ಕರಲ್ಲಿ ಎರಡು ಎರಡೂವರೆ ವರ್ಷ ಗೋಡೌನಿನಲ್ಲಿ ಮಲಗಿದ್ದವು, ವಾಪಸ್ ಕಳಿಸಿದೆ. ಅಂಗಡಿಯವನ ಮುಖ ಸಣ್ಣದಾಯಿತು. ಮೂರು ದಿನ ಕಾಯಿಸಿ ಹೊಸವನ್ನು ತರಿಸಿಕೊಟ್ಟ.

ಆಗಲೇ ನಮ್ಮ ಸ್ಟೆಪ್ನಿಯನ್ನೂ ನೋಡಿದೆ: 1416. 2016ರ ಹದಿನಾಲ್ಕನೇ ವಾರ. ಗೀರು ಹೊಸದರಂತಿದ್ದರೂ ರಬ್ಬರು ಗಟ್ಟಿಯಾಗಿ, ಸಂದಿಯಲ್ಲಿ ಕೂದಲೆಳೆಯಂಥ ಬಿರುಕು. ಅದರ ಮೇಲೆಯೇ ಅವ್ವನನ್ನೂ ಮಗಳನ್ನೂ ಕೂರಿಸಿಕೊಂಡು ನಿಪ್ಪಾಣಿಯಿಂದ ಖಂಬಾಟ್ಕಿ ಘಾಟ್ ದಾಟಿ ಬಂದಿದ್ದೆ. ಅದನ್ನು ಗುಜರಿಗೆ ಹಾಕಿ, ಹಳೆಯದರಲ್ಲಿ 4 ಮಿ.ಮೀ. ಇದ್ದದ್ದನ್ನು ಸ್ಟೆಪ್ನಿ ಮಾಡಿದೆ. ಅದನ್ನು ಹಾಕಬೇಕಾಗಿ ಬಂದರೆ ಹಿಂದಿನ ಗಾಲಿಗೆ, ಸ್ವಿಚ್ ಟೂ ವೀಲ್‌ನಲ್ಲಿ, ಹತ್ತಿರದ ಅಂಗಡಿಯವರೆಗೆ ಮಾತ್ರ.

ಗಣೇಶ ಹಬ್ಬಕ್ಕೆ ಊರಿಗೆ ಹೋಗುವಾಗ ನಿಪ್ಪಾಣಿಯಲ್ಲಿ ಚೇಟನ ಅಂಗಡಿ ಮುಂದೆ ನಿಲ್ಲಿಸಿದೆ. ಗಾಳಿ ನೋಡುತ್ತಾ ನಾಲ್ಕೂ ಟಯರಿನ ಸುತ್ತ ಒಮ್ಮೆ ಬಂದ. "ಐದನೇದು?" ಎಂದು ಡಿಕ್ಕಿಯ ಕಡೆ ಕೈ ತೋರಿಸಿದ.