ಟೀ ಸೊಪ್ಪು ಬದುವಿನಲ್ಲಿ ಬೇಡ, ಬಾಗಿಲ ಬಳಿ ಇರಲಿ

ನಮ್ಮ ಕೊಳ್ಳೇಗಾಲ ಸೀಮೆಯಲ್ಲಿ ರೇಷ್ಮೆ ಹುಳ ಸಾಕುವವರಿಗೆ ಒಂದು ಶಿಸ್ತು ಇದೆ. ಹಿಪ್ಪುನೇರಳೆಗೆ ಔಷಧಿ ಹೊಡೆದರೆ ದಿನ ಎಣಿಸಿ ಕಾಯ್ತೀವಿ. ಅವಧಿ ಮುಗಿಯದೆ ಹುಳಕ್ಕೆ ಒಂದೆಲೆ ಹಾಕೋದಿಲ್ಲ. ಹಾಕಿದರೆ ಬೆಳೆಯೇ ಹೋಯ್ತು. ಆದರೆ ಅದೇ ತೋಟದ ಬದುವಿನಿಂದ ಮಜ್ಜಿಗೆ ಹುಲ್ಲು ಕಿತ್ತು ಟೀಗೆ ಹಾಕುವಾಗ ಯಾರು ದಿನ ಎಣಿಸ್ತಾರೆ?

ಧನಗೆರೆಯ ನಮ್ಮ ಮನೆಯಲ್ಲೂ ಹಾಗೇ ನಡೀತಿತ್ತು. ಒಂದು ಸಂಜೆ ಟೀ ಬಾಯಿಗಿಟ್ಟರೆ ಔಷಧಿ ವಾಸನೆ. ವಿಚಾರಿಸಿದರೆ ಪಕ್ಕದ ಜಮೀನಿಗೆ ಬೆಳಿಗ್ಗೆ ಸಿಂಪಡಿಸಿದ್ದರು. ಗಾಳಿ ನಮ್ಮ ಕಡೆಗೇ ಇತ್ತು. ಟೀ ಚೆಲ್ಲಿದೆವು. ಹಿಪ್ಪುನೇರಳೆಗೆ ನಾವೆಲ್ಲ ಹೊಡೆಯುತ್ತಿದ್ದ ಡಿಡಿವಿಪಿ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧವಾಗಿದೆ. ಹಾಗಂತ ಈಗಿನ ಔಷಧಿಗಳೇನು ಕುಡಿಯುವಂಥವಲ್ಲ. ಮಾರನೇ ದಿನವೇ ಹುಲ್ಲಿನ ಬುಡ ಅಗೆದು ಮನೆ ಬಾಗಿಲಿಗೆ ತಂದೆ.

ಡಬ್ಬ, ಮಣ್ಣು

ಒಡೆದ ಬಕೆಟ್, ಎಣ್ಣೆ ಡಬ್ಬ, ಹಳೇ ಕೊಡ ಯಾವುದಾದರೂ ಆದೀತು. ತಳದಲ್ಲಿ ನಾಲ್ಕೈದು ತೂತು ಇರಲೇಬೇಕು. ಔಷಧಿ ಕ್ಯಾನು ಮಾತ್ರ ಎಷ್ಟು ತೊಳೆದರೂ ಬೇಡ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ. ಹುಳುಮನೆ ಕಸ ಹಾಕುವುದಾದರೆ ಪೂರ್ತಿ ಕಳಿತಿರಬೇಕು. ಹಸಿ ಕಸದ ಕಾವಿಗೆ ಬೇರು ಸುಡುತ್ತದೆ.

ಯಾವುದನ್ನು ಹೇಗೆ?

ಮಜ್ಜಿಗೆ ಹುಲ್ಲು: ಒಂದಡಿ ಆಳದ ಡಬ್ಬ, ಪೂರ್ತಿ ಬಿಸಿಲು. ಬೇರಿರುವ ಎರಡು ಮೂರು ಸುಳಿ ನೆಟ್ಟರೆ ಸಾಕು. ಬದುವಿನಿಂದ ತಂದಿದ್ದರೆ ಹಳೇ ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ ಎಸೆಯಿರಿ. ಹೊಸ ಗರಿ ಬಂದ ಮೇಲೆ ಬಳಸಿ. ಡಬ್ಬ ತುಂಬಿದಾಗ ಬುಡ ಒಡೆದು ಬೇರೆ ನೆಡಬೇಕು.

ಪುದೀನ: ಸಂತೆಯಿಂದ ತಂದ ಕಟ್ಟಿನಲ್ಲೇ ಬೇರಿರುವ ಕಡ್ಡಿ ಆರಿಸಿ ನೆಡಿ. ಅಗಲವಾದ ಡಬ್ಬ, ಅರೆ ನೆರಳು, ಸದಾ ತೇವ. ಇದಕ್ಕೆ ಬೇರೆ ಗಿಡದ ಜೊತೆ ಜಾಗ ಕೊಡಬೇಡಿ, ಎಲ್ಲವನ್ನೂ ನುಂಗುತ್ತದೆ.

ತುಳಸಿ: ಬೀಜ ತೆಳ್ಳಗೆ ಉದುರಿಸಿ. ತೆನೆ ಬಂದ ಹಾಗೇ ಚಿವುಟುತ್ತಿದ್ದರೆ ಎಲೆ ಹೆಚ್ಚು. ಬಿತ್ತನೆಗೆಂದು ಒಂದು ಗಿಡ ಬಿಟ್ಟುಕೊಳ್ಳಿ.

ದೊಡ್ಡಪತ್ರೆ: ಕಡ್ಡಿ ಚುಚ್ಚಿದರೆ ಬರುತ್ತದೆ. ಸಾಯಿಸುವುದು ನಮ್ಮ ಅತಿ ನೀರೇ. ಮೇಲ್ಮಣ್ಣು ಒಣಗಿದ ಮೇಲೆ ಹಾಕಿ.

ಮಾರ್ಚಿನಿಂದ ಮೇವರೆಗೆ ಡಬ್ಬ ಬೇಗ ಕಾಯುತ್ತದೆ. ಆಗ ಮಧ್ಯಾಹ್ನದ ಬಿಸಿಲು ಬೀಳದ ಕಡೆಗೆ ಸರಿಸಿ, ಮೇಲೆ ತರಗು ಮುಚ್ಚಿ. ಹಿಟ್ಟು ತಿಗಣೆ ಕಂಡರೆ ಬಟ್ಟೆಯಲ್ಲಿ ಒರೆಸಿ, ನೀರೆರಚಿ ತೊಳೆಯಿರಿ. ಸಿಂಪಡಣೆ ಬೇಡವೆಂದೇ ಬಾಗಿಲಿಗೆ ತಂದದ್ದಲ್ಲವೇ?

ಕಾಯಿಸುವ ಬಗೆ

ಘಮವೆಲ್ಲ ಎಲೆಯ ಎಣ್ಣೆಯಲ್ಲಿದೆ. ತೆರೆದು ಕುದಿಸಿದರೆ ಅದು ಹಬೆ ಜೊತೆ ಹೋಯ್ತು. ನೀರು ಕುದಿದ ಮೇಲೆ ಎಲೆ ಹಾಕಿ, ಒಲೆಯಿಂದ ಇಳಿಸಿ, ಐದು ನಿಮಿಷ ಮುಚ್ಚಿಡಿ. ಒಂದು ಲೋಟಕ್ಕೆ ಬೆರಳುದ್ದದ ಎರಡು ಮೂರು ತುಂಡು ಹುಲ್ಲು, ಇಲ್ಲವೇ ಐದಾರು ತುಳಸಿ ಎಲೆ. ಹಸಿ ಶುಂಠಿ ಸೇರಿಸುವುದಾದರೆ ಮೊದಲು ನೀರಲ್ಲೇ ಚೆನ್ನಾಗಿ ಕುದಿಸಿ. ಇಲ್ಲದಿದ್ದರೆ ಹಾಲು ಒಡೆಯಬಹುದು. ಹೆಚ್ಚಾದ ಸೊಪ್ಪನ್ನು ನೆರಳಲ್ಲಿ ಗರಿಗರಿ ಒಣಗಿಸಿ ಡಬ್ಬಿಗೆ ತುಂಬಿ. ತೇವ ಉಳಿದರೆ ಬೂಷ್ಟು.

ಊಟದ ಜೊತೆಗೇ ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹಿಡಿಯದು. ರಕ್ತ ಕಡಿಮೆ ಇರುವ ಹೆಂಗಸರು ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇಡುವುದು ಒಳ್ಳೇದು. ಟೀ ಪುಡಿ ಇಲ್ಲದ ಹುಲ್ಲಿನ ನೀರನ್ನು ಎರಡನೇ ಟೀ ಬದಲು ಮಾಡಿಕೊಂಡರೆ ಹಾಲು, ಸಕ್ಕರೆಯೂ ಉಳಿಯುತ್ತದೆ. ಆದರೆ ಇದು ಮದ್ದಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಬಸುರಿಯರು ಕೇಳಿಯೇ ಕುಡಿಯಲಿ.

ಈಗ ನಮ್ಮ ಬಾಗಿಲಲ್ಲಿ ಆರು ಡಬ್ಬ ಇವೆ. ಖರ್ಚು ಎಂದರೆ ಒಂದು ಕಟ್ಟು ಪುದೀನ. ಮಳೆ ಹಿಡಿದಾಗ ಹುಲ್ಲಿನ ಬುಡ ಒಡೆದು ಅಕ್ಕಪಕ್ಕದವರಿಗೆ ಕೊಡ್ತೀವಿ. ಮೊದಲ ಬುಡ ಹೋದದ್ದು ಅವತ್ತು ಔಷಧಿ ಹೊಡೆದವರ ಮನೆಗೇ.